ಹಾಲು ಕುಡಿದ ಬೆಕ್ಕು, ಬಾಡು ತಿಂದವರ ಮೇಲೆ ದೂರು



ಬೆಳೆದ ಬೆಕ್ಕಿಗೆ ಹಾಲು ಒಳ್ಳೇದಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಉದ್ದದ ಪೋಸ್ಟ್ ಪೂರ್ತಿ ಓದೋಕೆ ಎಲ್ಲರಿಗೂ ಪುರುಸೊತ್ತು ಇರಲ್ಲ. ಒಳಮೀಸಲಾತಿ, ಪಿಟಿಸಿಎಲ್ ಜಮೀನು, ಹಾಸ್ಟೆಲ್ ಊಟ ಅಂತ ಬರೆಯೋಳು ಇವತ್ತು ಬೆಕ್ಕಿನ ಭೇದಿ ಬಗ್ಗೆ ಬರೀತಾ ಇದಾಳಲ್ಲ ಅಂತ ಕೆಲವರು ನಗಬಹುದು. ನಗಿ. ಆದರೆ ಪೂರ್ತಿ ಓದಿ. ಈ ಬೆಕ್ಕಿನ ಹೊಟ್ಟೆಗೂ ನಮ್ಮ ತಟ್ಟೆಗೂ ಸಂಬಂಧ ಇದೆ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬೆಕ್ಕು ಅಂದ್ರೆ ಮುದ್ದಿಗೆ ಸಾಕೋ ಪ್ರಾಣಿ ಅಲ್ಲ, ಕೆಲಸದ ಪ್ರಾಣಿ. ಬೇರೆ ಕಡೆಯವರಿಗೆ ಗೊತ್ತಿರಲಿ ಅಂತ ಹೇಳ್ತೀನಿ. ನಮ್ಮದು ಉಂಡೆ ಕೊಬ್ಬರಿ ನಾಡು. ಬಲಿತ ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸ್ತಾರೆ. ಹತ್ತು-ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರು ಮಾರುಕಟ್ಟೆಗೆ. 2024ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಕೊಟ್ಟಿತ್ತು. ಆ ದುಡ್ಡು ವರ್ಷಪೂರ್ತಿ ಅಟ್ಟದ ಮೇಲೆ ಕೂತಿರುತ್ತೆ. ಇಲಿಗೆ ಅದು ಗೊತ್ತು. ಅದಕ್ಕೇ ಅಟ್ಟ ಇರೋ ಮನೆಯಲ್ಲಿ ಬೆಕ್ಕು ಇರಲೇಬೇಕು. ಕಾಯಿ ಕೆಡವೋರು, ಹೊರೋರು, ಸುಲಿಯೋರಲ್ಲಿ ನಮ್ಮ ಕೇರಿ ಜನ ಎಷ್ಟು ಜನ ಅಂತ ನಿಮಗೆ ಗೊತ್ತು. ಅಟ್ಟ ಕಾಯೋ ಬೆಕ್ಕೂ ಆ ಕೂಲಿಗಳ ಸಾಲಿಗೇ ಸೇರಿದ್ದು. ಒಂದೇ ವ್ಯತ್ಯಾಸ, ಅದು ಅಡುಗೆಮನೆ, ದೇವರಮನೆ ಎಲ್ಲ ಓಡಾಡಬಹುದು.

ಈ ಕೂಲಿಗೆ ಊಟ ಏನು? ಹಾಲನ್ನ. ಇಲ್ಲ ಮಜ್ಜಿಗೆ ಅನ್ನ. "ಹೊಟ್ಟೆ ತುಂಬ ಹಾಕಿದ್ರೆ ಇಲಿ ಹಿಡಿಯಲ್ಲ" ಅಂತ ಅದನ್ನೂ ಅರೆಹೊಟ್ಟೆ. ಇದು ಸುಳ್ಳು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಆಡುತ್ತೆ, ಅದು ಅದರ ಹುಟ್ಟುಗುಣ. ಹಸಿದ ಕೂಲಿ ಜಾಸ್ತಿ ದುಡೀತಾನೆ ಅನ್ನೋ ಜಮೀನ್ದಾರರ ಲೆಕ್ಕ ಮನುಷ್ಯರ ವಿಷಯದಲ್ಲೂ ಸುಳ್ಳು, ಬೆಕ್ಕಿನ ವಿಷಯದಲ್ಲೂ ಸುಳ್ಳು.

ಈಗ ನಡೆದಿದ್ದು ಹೇಳ್ತೀನಿ. ನಾನು ಕೆಲಸಕ್ಕಾಗಿ ತಿಪಟೂರಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಮುಂದೆ ಓನರ್ ಮನೆ, ಹಿಂದೆ ನಮ್ಮದು, ಪಕ್ಕದಲ್ಲಿ ಕೊಬ್ಬರಿ ಅಟ್ಟ. ಜಾತಿ ಕೇಳಿಯೇ ಮನೆ ಕೊಟ್ಟಿದ್ದರು. "ನೀವು ಆಫೀಸಲ್ಲಿ ಇರೋರು, ಓದಿರೋರು, ಪರವಾಗಿಲ್ಲ" ಅಂದಿದ್ದರು. ಆ 'ಪರವಾಗಿಲ್ಲ' ಅನ್ನೋದರ ತೂಕ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅವರದ್ದೊಂದು ಕೆಂದು ಬಣ್ಣದ ಬೆಕ್ಕು, ಹೆಸರು ಕೆಂಚ. ಹಗಲೆಲ್ಲ ಅಟ್ಟದಲ್ಲಿ, ಊಟದ ಹೊತ್ತಿಗೆ ಅವರ ಹಿತ್ತಲಲ್ಲಿ, ಭಾನುವಾರ ಮಾತ್ರ ನಮ್ಮ ಬಾಗಿಲಲ್ಲಿ. ಭಾನುವಾರ ನಮ್ಮ ಮನೆಯವರು ಮಲ್ಲಾಘಟ್ಟ ಕೆರೆ ಕಡೆಯಿಂದ ಮೀನು ತರ್ತಿದ್ದರು. ನಮ್ಮವ್ವ ಊರಿಂದ ಬಂದಿದ್ದರೆ ಮೀನು ಕುಯ್ಯೋಳು ಅವಳೇ. ಕೆಂಚ ಅವಳ ಎದುರಿಗೆ ಸಾಹುಕಾರನ ಹಾಗೆ ಕೂತ್ಕೊಳ್ಳೋದು. ಅವ್ವ ಮುಳ್ಳು ಬಿಡಿಸಿ ಎರಡು ತುಂಡು ಬೇಯಿಸಿ ಹಾಕೋಳು. "ತಿನ್ನೋ ಮಗನೆ, ನೀನೂ ನಮ್ಮೋನೆಯಾ" ಅನ್ನೋಳು.

ಒಂದು ಮಳೆಗಾಲದಲ್ಲಿ ಕೆಂಚನಿಗೆ ಭೇದಿ ಶುರುವಾಯ್ತು. ಹಿತ್ತಲೆಲ್ಲ ಗಲೀಜು. ಮೈ ಇಳಿದುಹೋಯ್ತು, ಕೂದಲು ಒರಟಾಯ್ತು, ಹೊಟ್ಟೆ ಮಾತ್ರ ಊದಿಕೊಂಡಿತ್ತು. ಹೊಟ್ಟೆ ತಣ್ಣಗಾಗಲಿ ಅಂತ ಅವರು ಇನ್ನೂ ಜಾಸ್ತಿ ಹಾಲು ಹಾಕಿದರು. ಅದು ಇನ್ನೂ ಜಾಸ್ತಿ ಆಯ್ತು. ಮೂರನೇ ದಿನ ಓನರ್ ಅಮ್ಮ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಯಾವತ್ತೂ ಬಂದಿರಲಿಲ್ಲ.

"ನೋಡಮ್ಮ, ಬೇಜಾರ್ ಮಾಡ್ಕೋಬೇಡ. ನಮ್ಮ ಬೆಕ್ಕು ಹಾಲು ಅನ್ನದಲ್ಲಿ ಬೆಳೆದಿದ್ದು. ನಿಮ್ಮ ಮನೇದೆಲ್ಲ ಅದಕ್ಕೆ ಒಗ್ಗಲ್ಲ. ಅದಕ್ಕೇ ಹಿಂಗಾಗಿರೋದು."

ನಾನು ಕೇಳಿದೆ, "ಅಮ್ಮ, ಅದು ಅಟ್ಟದಲ್ಲಿ ಇಲಿ ತಿನ್ನುತ್ತಲ್ಲ, ಅದು ಒಗ್ಗುತ್ತಾ?"

ಅವರು ಉತ್ತರ ಹೇಳಲಿಲ್ಲ. "ಬಾಗಿಲು ಹಾಕ್ಕೊಂಡಿರಿ ಅಷ್ಟೇ" ಅಂದು ಹೋದರು.

ಸಂಗಾತಿಗಳೇ, ಈ ಮಾತು ನನಗೆ ಹೊಸದಲ್ಲ. ಆದರೆ ಇದು ಬೆಕ್ಕಿನ ಹೊಟ್ಟೆ. ಇದಕ್ಕೆ ಶಾಸ್ತ್ರ ಬೇಕಿಲ್ಲ, ಡಾಕ್ಟರ್ ಇದ್ದಾರೆ. ಮಾರನೇ ದಿನ ಓನರ್ ಸೊಸೆಯೂ ನಾನೂ ಕೆಂಚನನ್ನ ತರಕಾರಿ ಬುಟ್ಟಿಗೆ ಹಾಕಿ, ಮೇಲೊಂದು ಬುಟ್ಟಿ ಮುಚ್ಚಿ, ಪಶು ಆಸ್ಪತ್ರೆಗೆ ಹೊತ್ತುಕೊಂಡು ಹೋದ್ವಿ. ಹಸು, ಎಮ್ಮೆ, ಮೇಕೆ ಸಾಲಲ್ಲಿ ನಾವೂ ನಿಂತ್ವಿ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಏನು ತಿನ್ನಿಸ್ತೀರಿ?" ಸೊಸೆ ಹೇಳಿದಳು, "ದಿನಕ್ಕೆ ಎರಡು ಸಲ ಹಾಲನ್ನ ಸರ್." "ಹಾಲು ನಿಲ್ಲಿಸಿ" ಅಂದರು. ಹೊಟ್ಟೆ ಮುಟ್ಟಿ ನೋಡಿದರು, ಸಗಣಿ ಪರೀಕ್ಷೆಗೆ ಸ್ವಲ್ಪ ಗಲೀಜು ತರಿಸಿದರು, ಜಂತುಹುಳ ಇದೆ ಅಂದರು, ತೂಕ ನೋಡಿ ಮಾತ್ರೆ ಕೊಟ್ಟರು. ಒಂದು ವಾರ ಬರೀ ಬೇಯಿಸಿದ ಕೋಳಿ, ಇಲ್ಲ ಮೊಟ್ಟೆ, ಬೇಕಾದಷ್ಟು ನೀರು. ನಾನು ಬೇಕಂತಲೇ ಕೇಳಿದೆ, "ಸರ್, ಮೀನು ತಿಂದಿದ್ದಕ್ಕೆ ಹಿಂಗಾಯ್ತಾ?" ಅವರು ನಕ್ಕರು. "ಬೆಕ್ಕು ಮೀನು ತಿನ್ನದೆ ಇನ್ನೇನು ತಿನ್ನುತ್ತಮ್ಮ? ಮುಳ್ಳು ತೆಗೆದು ಬೇಯಿಸಿ ಹಾಕಿದ್ರೆ ತೊಂದರೆ ಇಲ್ಲ."

ಆಮೇಲೆ ನಾನು ಕೂತು ಓದಿದೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಬೆಕ್ಕಿನ ಮರಿ ತಾಯಿ ಹಾಲು ಕುಡಿಯೋ ಕಾಲದಲ್ಲಿ ಅದರ ಕರುಳಲ್ಲಿ ಲ್ಯಾಕ್ಟೇಸ್ ಅನ್ನೋ ಕಿಣ್ವ ಇರುತ್ತೆ. ಹಾಲಿನ ಸಕ್ಕರೆಯನ್ನ ಒಡೆಯೋ ಕೆಲಸ ಅದರದ್ದು. ಹಾಲು ಬಿಟ್ಟ ಮೇಲೆ ಆ ಕಿಣ್ವ ಕಡಿಮೆ ಆಗ್ತಾ ಹೋಗುತ್ತೆ. ಆಗ ಹಾಲು ಕುಡಿಸಿದರೆ ಆ ಸಕ್ಕರೆ ಅರಗದೆ ದೊಡ್ಡ ಕರುಳಿಗೆ ಇಳಿಯುತ್ತೆ, ನೀರನ್ನ ಎಳಕೊಳ್ಳುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಹುಳಿ ಬರಿಸಿ ಗಾಳಿ ಮಾಡುತ್ತೆ. ಹೊಟ್ಟೆ ಉಬ್ಬರ, ಭೇದಿ. ಕೆಲವು ಬೆಕ್ಕು ಸ್ವಲ್ಪ ಹಾಲು ತಡಕೊಳ್ಳುತ್ತೆ, ಕೆಲವು ತಡಕೊಳ್ಳಲ್ಲ. ಆದರೆ ಯಾವ ಬೆಳೆದ ಬೆಕ್ಕಿಗೂ ಹಾಲು ಬೇಕೇಬೇಕು ಅಂತ ಇಲ್ಲ. ಕುಡಿಯುತ್ತೆ ಅಲ್ವಾ ಅಂತೀರಿ. ಕೊಬ್ಬಿನ ವಾಸನೆಗೆ ಕುಡಿಯುತ್ತೆ. ಸಿಹಿಗಂತೂ ಅಲ್ಲ, ಬೆಕ್ಕಿನ ನಾಲಿಗೆಗೆ ಸಿಹಿನೇ ಗೊತ್ತಾಗಲ್ಲ. ಸಿಹಿ ಗುರುತಿಸೋ ಜೀನ್ ಬೆಕ್ಕಿನಲ್ಲಿ ಕೆಲಸ ಮಾಡಲ್ಲ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು.

ಇನ್ನೊಂದು ದೊಡ್ಡ ವಿಷಯ. ನಾಯಿ ಎಲ್ಲ ತಿಂದು ಬದುಕುತ್ತೆ, ಮನುಷ್ಯನೂ ಬದುಕ್ತಾನೆ. ಬೆಕ್ಕು ಹಾಗಲ್ಲ. ಮಾಂಸ ಇಲ್ಲದೆ ಅದರ ದೇಹ ನಡೆಯಲ್ಲ. ಟೌರಿನ್ ಅನ್ನೋದೊಂದು ಪೋಷಕಾಂಶ ಇದೆ. ಮಾಂಸದಲ್ಲಿ, ಮೀನಲ್ಲಿ ಇರುತ್ತೆ, ಅನ್ನದಲ್ಲಿ ಇಲ್ಲ, ಮುದ್ದೆಯಲ್ಲಿ ಇಲ್ಲ. ಬೆಕ್ಕು ಅದನ್ನ ತನ್ನ ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗದಿದ್ದರೆ ಕಣ್ಣು ಕುರುಡಾಗುತ್ತೆ ಅಂತ 1975ರಲ್ಲಿ ಗೊತ್ತಾಯ್ತು, ಹೃದಯ ಊದಿಕೊಂಡು ಸಾಯುತ್ತೆ ಅಂತ 1987ರಲ್ಲಿ ಗೊತ್ತಾಯ್ತು. ಕ್ಯಾರೆಟ್ಟು, ಸೊಪ್ಪಿಂದ ನಾವು ವಿಟಮಿನ್ ಎ ಮಾಡಿಕೊಳ್ತೀವಿ, ಬೆಕ್ಕಿಗೆ ಅದೂ ಆಗಲ್ಲ. ಅಂದ್ರೆ ಹಾಲನ್ನ ತಿಂದು 'ಸಾಧು' ಆಗಿ ಬದುಕಿರೋ ನಮ್ಮೂರ ಬೆಕ್ಕುಗಳೆಲ್ಲ ನಿಜವಾಗಿ ಬದುಕಿರೋದು ಅಟ್ಟದ ಇಲಿ, ಹಿತ್ತಲ ಓತಿ, ಕೇರಿಯ ಮೀನಿನ ತಲೆಯಿಂದ. ಮನೆಯವರಿಗೆ ಅದು ಕಾಣಲ್ಲ, ಇಲ್ಲ ಕಂಡರೂ ಲೆಕ್ಕಕ್ಕಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತ ಗಾದೆ. ಇಲ್ಲಿ ಕಣ್ಣು ಮುಚ್ಚಿಕೊಂಡಿರೋದು ಹಾಲು ಹಾಕಿದವರು.

ತೆನಾಲಿ ರಾಮಕೃಷ್ಣನ ಕತೆ ನೀವೆಲ್ಲ ಕೇಳಿದೀರಿ. ಇಲಿ ಕಾಟಕ್ಕೆ ರಾಜ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟ. ರಾಮಕೃಷ್ಣ ಮೊದಲನೇ ದಿನವೇ ಸುಡೋ ಹಾಲಿಟ್ಟು ಬೆಕ್ಕಿನ ನಾಲಿಗೆ ಸುಟ್ಟು, ಆಮೇಲೆ ಹಾಲೆಲ್ಲ ತಾನೇ ಕುಡಿದ. ಕತೆ ಕೇಳಿ ನಕ್ಕಿದ್ವಿ. ಇಲಿ ಹಿಡಿಯೋ ಪ್ರಾಣಿಗೆ ಹಸು ಯಾಕೆ ಕೊಟ್ಟ ಅಂತ ನಾವ್ಯಾರೂ ಕೇಳಲಿಲ್ಲ.

ಈಗ ತಟ್ಟೆಯ ವಿಷಯಕ್ಕೆ ಬರ್ತೀನಿ. ಈ ನಾಡಲ್ಲಿ ಹಾಲು ಯಾವತ್ತೂ ಒಳ್ಳೇದು, ಬಾಡು ಯಾವತ್ತೂ ಅನುಮಾನದ್ದು. 2013ರಲ್ಲಿ ಶಾಲೆ ಮಕ್ಕಳಿಗೆ ಕ್ಷೀರಭಾಗ್ಯ ಬಂತು. ಯಾರೂ ವಿರೋಧಿಸಲಿಲ್ಲ, ನಾವೂ ವಿರೋಧಿಸಲಿಲ್ಲ, ಒಳ್ಳೇ ಯೋಜನೆ. ಹಾಲು ಅರಗದ ದೊಡ್ಡವರು ಉತ್ತರ ಭಾರತಕ್ಕಿಂತ ದಕ್ಷಿಣದಲ್ಲೇ ಜಾಸ್ತಿ ಅನ್ನೋದು ಗೊತ್ತಿದ್ದರೂ 'ಹಾಲು ಎಲ್ಲರಿಗೂ ಒಗ್ಗುತ್ತಾ' ಅಂತ ಯಾರೂ ಕೇಳಲಿಲ್ಲ. 2021ರ ಡಿಸೆಂಬರಲ್ಲಿ ಅಪೌಷ್ಟಿಕತೆ ಜಾಸ್ತಿ ಇರೋ ಏಳು ಜಿಲ್ಲೆಯ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ನೋಡಿ, ಕೆಲವು ಮಠಾಧೀಶರು ಎದ್ದು ನಿಂತರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಯಾರಿಗೂ ಬಲವಂತ ಇರಲಿಲ್ಲ. ಆದರೂ ಪಕ್ಕದ ಮಗು ತಿನ್ನೋದನ್ನ ನೋಡೋಕಾಗಲ್ಲ ಅನ್ನೋ ವಾದ. ಕೊನೆಗೆ ಮಕ್ಕಳೇ ಕ್ಯೂ ನಿಂತು ಮೊಟ್ಟೆ ತಗೊಂಡು ಉತ್ತರ ಕೊಟ್ಟರು. ಆಮೇಲೆ ಅದು ನಮ್ಮ ಜಿಲ್ಲೆಗೂ ಬಂತು.

2021ರ ಜನವರಿಯಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಯಾದ ಮೇಲೆ ನಮ್ಮ ಕೇರಿಗಳಲ್ಲಿ ಕಡಿಮೆ ದುಡ್ಡಿಗೆ ಸಿಗ್ತಿದ್ದ ಬಾಡು ಭಯದ ವಸ್ತು ಆಯ್ತು. 2024ರ ಡಿಸೆಂಬರಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದ ಸೂಚನೆಯಲ್ಲಿ ಮಾಂಸಾಹಾರವನ್ನ ಮದ್ಯ, ತಂಬಾಕಿನ ಪಕ್ಕದಲ್ಲಿಟ್ಟು ನಿಷೇಧ ಅಂತ ಹಾಕಿದ್ದರು. ಮಂಡ್ಯದ ಗೆಳೆಯರು ಬಾಡೂಟ ಕೇಳಿದ್ದು ನಾಲಿಗೆ ಚಪಲಕ್ಕಲ್ಲ. ನಮ್ಮ ಊಟವನ್ನ ಸಾರಾಯಿ ಸಾಲಿಗೆ ಸೇರಿಸಬೇಡಿ ಅಂತ. ಓನರ್ ಅಮ್ಮ ಬಾಗಿಲಲ್ಲಿ ನಿಂತು ಹೇಳಿದ್ದೂ ಅದೇ ಮಾತಿನ ಇನ್ನೊಂದು ತುಂಡು. ಕಾಯಿಲೆ ಬಂದರೆ ಮೊದಲು ಯಾರ ತಟ್ಟೆ ಕಡೆ ನೋಡ್ತಾರೆ ಅನ್ನೋದೇ ಪ್ರಶ್ನೆ.

ಕೆಂಚನ ಕತೆ ಮುಂದೆ ಏನಾಯ್ತು? ಡಾಕ್ಟರ್ ಹೇಳಿದ ಕೋಳಿ, ಮೊಟ್ಟೆ ಅವರ ಅಡುಗೆಮನೆಯಲ್ಲಿ ಬೇಯಲ್ಲ. ಸೊಸೆ ಸಂಜೆ ಕತ್ತಲಾದ ಮೇಲೆ ಬಂದು, "ಅಕ್ಕ, ನಿಮ್ಮನೇಲಿ ಬೇಯಿಸಿ ಹಾಕ್ತೀರಾ, ಅತ್ತೆಗೆ ಗೊತ್ತು, ಆದ್ರೆ ಹೇಳಬೇಡಿ" ಅಂದಳು. ಆ ಮಾತಿಗೆ ನಗಬೇಕೋ ಅಳಬೇಕೋ! ಒಂದು ವಾರ ನಮ್ಮ ಮನೆ ಮೊಟ್ಟೆ ತಿಂದು ಕೆಂಚ ಎದ್ದು ಕೂತ. ಅವನಿಗೆ ಒಂದು ತಟ್ಟೆ ಮೀಸಲಾಯ್ತು, ಅದು ನಮ್ಮ ಮೆಟ್ಟಿಲ ಹತ್ತಿರವೇ ಇರಬೇಕು, ಆ ಕಡೆ ಹೋಗಬಾರದು. ನಮ್ಮ ತಟ್ಟೆಯಲ್ಲಿ ತಿಂದ ಕೆಂಚ ಬಾಯಿ ನೆಕ್ಕೊಂಡು ಸೀದಾ ಅವರ ದೇವರಮನೆ ಬಾಗಿಲಲ್ಲಿ ಮಲಗೋನು. ತಟ್ಟೆಗೆ ಮೈಲಿಗೆ, ತಿಂದ ಬಾಯಿಗೆ ಇಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆ ನೀರು ಮುಟ್ಟಿದ್ದು ಯಾಕೆ ಅಂತ ಮಕ್ಕಳಿಗೆ ಹೇಳುವಾಗ ನಾವೆಲ್ಲ ಹೇಳೋ ಮಾತು ಒಂದೇ: ನಾಯಿ ಬೆಕ್ಕು ಕುಡಿಯೋ ನೀರು ನಮ್ಮ ಜನಕ್ಕೆ ಇರಲಿಲ್ಲ. 1931ರಲ್ಲಿ ಗಾಂಧೀಜಿಯನ್ನ ಮೊದಲ ಸಲ ಭೇಟಿಯಾದಾಗಲೂ ಅವರು ಇದನ್ನೇ ಎತ್ತಿದ್ದರು. ಸುಮಾರು ನೂರು ವರ್ಷ ಆಯ್ತು. ಕೆರೆ ನೀರು ಸಿಕ್ಕಿದೆ, ನಲ್ಲಿ ಬಂದಿದೆ. ಬೆಕ್ಕು ದಾಟೋ ಹೊಸಿಲು ಇನ್ನೂ ಬೆಕ್ಕಿಗೆ ಮಾತ್ರ ಇದೆ.

ಎರಡು ತಿಂಗಳಾದ ಮೇಲೆ "ಮಗ ಬರ್ತಾನೆ, ಮನೆ ಬೇಕು" ಅಂದರು. ಖಾಲಿ ಮಾಡಿದ್ವಿ. ಮಗ ಬರಲಿಲ್ಲ, ಇನ್ನೊಂದು ಸಂಸಾರ ಬಂತು. ಮನೆ ಹುಡುಕೋವಾಗ 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನೋ ಬೋರ್ಡು ಎಷ್ಟು ಕಂಡೆ ಅಂತ ಲೆಕ್ಕ ಇಟ್ಟಿಲ್ಲ. ಜಾತಿ ಕೇಳೋಕೆ ನಾಚಿಕೆ ಆದವರು ಊಟ ಕೇಳ್ತಾರೆ. ಸೊಸೆ ಈಗಲೂ ಮಾರ್ಕೆಟ್ಟಲ್ಲಿ ಸಿಕ್ಕರೆ ನಿಂತು ಮಾತಾಡಿಸ್ತಾಳೆ. ಹಾಲು ಪೂರ್ತಿ ನಿಲ್ಲಿಸಿದಾರಂತೆ, ಅಂಗಡಿಯಿಂದ ಬೆಕ್ಕಿನ ಪ್ಯಾಕೆಟ್ ಆಹಾರ ತರ್ತಾರಂತೆ. ಅದರಲ್ಲೂ ಕೋಳಿ, ಮೀನೇ ಇರೋದು. ಕಾಳಿನ ಹಾಗೆ ಕಾಣುತ್ತೆ, ಅದಕ್ಕೆ ಅಡ್ಡಿ ಇಲ್ಲ.

ನಮ್ಮ ಕೇರಿಗಳಲ್ಲೂ ಬೆಕ್ಕು ಸಾಕಿದೀರಿ. ನಿಮಗೋಸ್ಕರ ಕೆಲವು ಮಾತು.

ಬಾಡಿನ ಸಾರನ್ನ ಬೆಕ್ಕಿಗೆ ಸುರೀಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ರಕ್ತಕಣವನ್ನೇ ಒಡೆದುಬಿಡುತ್ತೆ. ಮಸಾಲೆ ಹಾಕೋ ಮೊದಲೇ ಎರಡು ತುಂಡು ಸುಮ್ಮನೆ ಬೇಯಿಸಿ ಎತ್ತಿಡಿ, ಬೆಂದ ನೀರನ್ನೂ ಚೆಲ್ಲಬೇಡಿ, ಟೌರಿನ್ ನೀರಿಗೆ ಇಳಿದಿರುತ್ತೆ. ಬೆಂದ ಮೂಳೆ ಕೊಡಬೇಡಿ, ಚೂರಾಗಿ ಕರುಳಿಗೆ ಚುಚ್ಚುತ್ತೆ. ಹಸಿ ಕೆರೆಮೀನು ದಿನಾ ಕೊಟ್ಟರೆ ಬಿ1 ಜೀವಸತ್ವ ಹಾಳಾಗುತ್ತೆ, ಬೇಯಿಸಿ ಕೊಡಿ. ಸ್ವಲ್ಪ ಅನ್ನ ಕಲಸಿದರೆ ತೊಂದರೆ ಇಲ್ಲ, ಬರೀ ಅನ್ನ ಊಟ ಅಲ್ಲ. ಒಂದು ಸುಂಡಿಲಿಯಲ್ಲಿ ಸುಮಾರು 30 ಕ್ಯಾಲೊರಿ ಅಂತಾರೆ, ಮೂರು-ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ 200ರ ಮೇಲೆ ಬೇಕು. ಅಂದ್ರೆ ಅದು ಒಂದೇ ಸಲ ತಿನ್ನೋ ಪ್ರಾಣಿ ಅಲ್ಲ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಹಾಕಿ. ಆಹಾರ ಬದಲಾಯಿಸೋದಾದರೆ ವಾರ ಹತ್ತು ದಿನ ತಗೊಂಡು ನಿಧಾನಕ್ಕೆ ಬದಲಾಯಿಸಿ.

ಭೇದಿಯಲ್ಲಿ ರಕ್ತ ಬಂದರೆ, ಜೊತೆಗೆ ವಾಂತಿ ಇದ್ದರೆ, ಒಂದು ದಿನಕ್ಕಿಂತ ಜಾಸ್ತಿ ಏನೂ ತಿನ್ನದಿದ್ದರೆ, ಮರಿ ಆಗಿದ್ದರೆ, ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸದ ಮರಿಗಳಿಗೆ ಬರೋ ಒಂದು ವೈರಸ್ ವಾಂತಿ-ಭೇದಿಯಲ್ಲೇ ಕೊಲ್ಲುತ್ತೆ. ಮನೇಲಿರೋ ಜ್ವರದ ಮಾತ್ರೆ ಅಪ್ಪಿತಪ್ಪಿಯೂ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನ ಸಾಯಿಸಬಹುದು.

ಕಡೇದಾಗಿ ತೋಟ, ಅಟ್ಟಗಳಲ್ಲಿ ಕೆಲಸ ಮಾಡೋ ಅಣ್ಣತಮ್ಮಂದಿರಿಗೆ. ಇಲಿಪಾಷಾಣ ಇಟ್ಟಿರೋ ಅಟ್ಟದಲ್ಲಿ ಬೆಕ್ಕು ಬಿಡಬೇಡಿ ಅಂತ ಮಾಲೀಕರಿಗೆ ಹೇಳಿ. ವಿಷ ತಿಂದ ಇಲಿಯನ್ನ ತಿಂದ ಬೆಕ್ಕೂ ಸಾಯುತ್ತೆ, ಬ್ರೋಮಾಡಿಯೋಲೋನ್ ಆದರೆ ಕೆಲವು ದಿನ ಬಿಟ್ಟು ಒಳಗೇ ರಕ್ತ ಸೋರಿ ಸಾಯುತ್ತೆ. ಆ ವಿಷದ ಕಾಯಿ ಎತ್ತೋರು, ಸುಲಿಯೋರು ನೀವೇ, ನಿಮ್ಮ ಕೈಗೆ ಕೈಚೀಲ ಕೊಡಿ ಅಂತ ಕೇಳೋದೂ ನಿಮ್ಮ ಹಕ್ಕು. ನಮ್ಮ ಕಾಲೋನಿಗಳಲ್ಲಿ ನಾಯಿ, ಬೆಕ್ಕಿಗೆ ಜಂತುಹುಳದ ಔಷಧಿ, ರೇಬಿಸ್ ಲಸಿಕೆ ಹಾಕೋ ಶಿಬಿರ ಮಾಡಿ ಅಂತ ತಾಲ್ಲೂಕು ಪಶು ಆಸ್ಪತ್ರೆಗೆ ಒಂದು ಮನವಿ ಬರೆದಿದೀನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯ ಸಂಗಾತಿಗಳು ನಿಮ್ಮ ನಿಮ್ಮ ಕಾಲೋನಿಯ ಹೆಸರು ಸೇರಿಸಿ ಸಹಿ ಹಾಕಿ ಕೊಡಿ. ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೊಟ್ಟು ಬರ್ತೀನಿ, ಸ್ವೀಕೃತಿ ಹಾಕಿಸ್ಕೊಂಡೇ ಬರ್ತೀನಿ. ಕ್ಲರ್ಕ್ ಕೆಲಸ ಕಲಿಸಿದ್ದು ಅದನ್ನೇ.

ಜೈಭೀಮ್.